ದೋಣಿ ಅಂತ ಬರೆದ ಚೀಟಿ

ಮೊನ್ನೆ, ನಾನು ನಿವೃತ್ತಳಾಗಿ ಬಂದ ಅಂಗಡಿಯಲ್ಲಿ ನನ್ನ ಕುರ್ಚಿಗೆ ಹೊಸದಾಗಿ ಬಂದು ಕೂತಿರುವ ಹುಡುಗಿ ಫೋನ್ ಮಾಡಿದ್ದಳು. "ಗಂಗಕ್ಕಾ, ಸಾಮಾನಿನ ವಯಸ್ಸು ಹೆಂಗ ಗೊತ್ತು ಮಾಡ್ತಿದ್ರಿ ನೀವು?" ಎಂದು ಕೇಳಿದಳು. ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಆ ಅಂಗಡಿಯಲ್ಲಿ ಸಾಮಾನುಗಳಿಗೆ ಹೆಸರು, ದೇಶ, ವಯಸ್ಸಿನ ಚೀಟಿ ಬರೆದವಳು ನಾನು. ಒಂದು ಚಮಚದ ವಯಸ್ಸೂ ನನಗೆ ಗೊತ್ತಿರಲಿಲ್ಲ. ನನ್ನ ವಯಸ್ಸೇ ಶಾಲೆಯ ಮಾಸ್ತರು ಅಂದಾಜಿನ ಮೇಲೆ ಬರೆದದ್ದು.

ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕೊಡುತ್ತೇನೆ ಎಂದೆ. ಓದಿದ ಮೇಲೆ ಅವಳು ಆ ಕುರ್ಚಿಯಲ್ಲಿ ಕೂತರೂ ಸರಿ, ಎದ್ದು ಹೋದರೂ ಸರಿ. ಸಂಬಳ ಯಾವಾಗ ಏರಿತು, ಯಾರು ನನ್ನನ್ನು ಹೊಗಳಿದರು ಎಂಬುದೆಲ್ಲ ಇಲ್ಲಿ ಇಲ್ಲ. ನಾನು ಮಾಡಿದ ಒಂದು ಕೆಲಸದಿಂದ ತೆಲಿಗಿ ಕಡೆಯ ಒಂದು ಮನೆಯಲ್ಲಿ ಸೊಸೆಯ ಕೈನೀರನ್ನು ಮಾವ ಮುಟ್ಟದೆ ಕೂತ. ನಾನು ಹೇಳಬೇಕಾದದ್ದು ಅದು. ಆದರೆ ಅಂಥ ಕೆಲಸ ಮಾಡಲು ಕೈ ಹೇಗೆ ಪಳಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ನಮ್ಮ ಅಂಗಡಿಯ ಅವತಾರ ತಿಳಿಯಬೇಕು.

ನಮ್ಮ ಸಾಹುಕಾರರು ಶಿವಯೋಗಪ್ಪ, ಕೊಟ್ಟೂರಿನವರು, ಶೇಂಗಾ ಎಣ್ಣೆ ಮಿಲ್ಲಿನ ಧಣಿ. ಒಮ್ಮೆ ಟೂರಿನವರ ಜೊತೆ ಹೋಗಿ ಹನ್ನೆರಡು ದಿನದಲ್ಲಿ ಒಂಬತ್ತು ದೇಶ ನೋಡಿ ಬಂದರು. ಹೋಗುವಾಗ ಶೇಂಗಾ ಸಾಹುಕಾರ, ಬರುವಾಗ ಕಲಾರಸಿಕ. ಬಂದವರೇ ಮುಂಬೈ, ಮದ್ರಾಸಿನ ಗುಜರಿಗಳಲ್ಲಿ ಕಂಡ ಕಂಡ ಫಾರಿನ್ ಸಾಮಾನು ತಂದು ಮಿಲ್ಲಿನ ಮಾಳಿಗೆಯಲ್ಲಿ ತುಂಬತೊಡಗಿದರು. ಹಿಂಡಿ ಮೂಟೆ ಇಡಲು ಜಾಗ ಇಲ್ಲವೆಂದು ತಮ್ಮಂದಿರು ಜಗಳ ತೆಗೆದ ಮೇಲೆ, ಕೂಡ್ಲಿಗಿ ದಾಟಿ ಹೈವೇ ಪಕ್ಕದಲ್ಲಿ ಗಾಜಿನ ಗೋಡೆಯ ಶೋರೂಮು ಕಟ್ಟಿಸಿದರು. 'ಜಗತ್ತಿನ ಪುರಾತನ ಕಲಾವಸ್ತುಗಳು' ಎಂದು ಆಳೆತ್ತರದ ಬೋರ್ಡು. ಹಂಪಿಗೆ ಹೋಗುವ ಕಾರುಗಳು ಮೂತ್ರಕ್ಕೆಂದು ನಿಲ್ಲುತ್ತಿದ್ದವು. ಇಳಿದವರು ಒಳಗೆ ಬಂದು "ವಾವ್" ಎನ್ನುತ್ತಿದ್ದರು. ಸಾಹುಕಾರರಿಗೆ ಅಷ್ಟು ಸಾಕು.

ನನ್ನ ಅಕ್ಷರ ದುಂಡಗೆ, ಅದೊಂದೇ ನನ್ನ ಅರ್ಹತೆ. ಮೊದಲ ದಿನ ಕೇಳಿದೆ, "ಸಾವ್ಕಾರ್ರ, ಯಾವ ದೇಶದ್ದು ಅಂತ ಹೆಂಗ ಬರೀಲಿ?"

"ಅದಕ್ಕೇನೈತಿ ಬಿಡವಾ. ಬಿಳೇದರ ಮ್ಯಾಲೆ ನೀಲಿ ಹೂವಿದ್ರ ಚೀನಾ. ಟಿಕ್ ಟಿಕ್ ಅಂದ್ರ ಜರ್ಮನಿ. ಮೈಮ್ಯಾಲೆ ಬಟ್ಟಿ ಇಲ್ಲಂದ್ರ ಇಟಲಿ."

"ವಯಸ್ಸು?"

"ನೂರೈವತ್ತು ಅಂತ ಬರಿ. ಆಗ ಹುಟ್ಟಿದವ್ರು ಬಂದು ಸುಳ್ಳು ಅಂತಾರೇನು?"

ಈ ಕಸುಬಿನಲ್ಲಿ ನಾನು ಕಲಿತ ವಿದ್ಯೆಯೆಲ್ಲ ಅಷ್ಟೇ, ಐದು ನಿಮಿಷದ್ದು. ಉಳಿದ ಮೂವತ್ತು ವರ್ಷ ಅದನ್ನೇ ದುಂಡಗೆ ಬರೆದೆ.

ಒಂದು ಜರ್ಮನಿ ಗಡಿಯಾರ ಬಂದಿತ್ತು. ಗಂಟೆಗೊಮ್ಮೆ ಬಾಗಿಲು ತೆರೆದು ಹಕ್ಕಿ ಹೊರಗೆ ಬಂದು ಕೂಗುವಂಥದ್ದು. ಶೋರೂಮಿನ ನಡುಗೋಡೆಯಲ್ಲಿ ಅದಕ್ಕೆ ಪಟ್ಟಾಭಿಷೇಕ ಆಯಿತು. ಒಂದು ದಿನ ಹಕ್ಕಿ ಅರ್ಧಕ್ಕೆ ಬಂದು ಸಿಕ್ಕಿಕೊಂಡು ನಿಂತಿತು. ಹಡಗಲಿಯಿಂದ ಗಡಿಯಾರ ರಿಪೇರಿಯ ರಸೂಲ್ ಸಾಹೇಬರನ್ನು ಕರೆಸಿದೆವು. ಅವರು ಹಿಂದಿನ ಹಲಗೆ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಮತ್ತೆ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, "ಅಕ್ಕಾ, ಈ ಹಕ್ಕಿ ಗುಜರಾತಿ ಮಾತಾಡ್ತೈತಿ" ಎಂದರು. ಒಳಗಿನ ತಗಡಿನ ಮೇಲೆ ಗುಜರಾತಿನ ಒಂದೂರಿನ ಹೆಸರು ಅಚ್ಚೊತ್ತಿತ್ತು. ಸಾಹುಕಾರರಿಗೆ ಹೇಳಿದೆ. ಅವರು ಮುಖ ಕೆಡಿಸಲಿಲ್ಲ. "ಹಿಂದಿನ ಹಲಗಿ ಗಟ್ಟಿ ಬಡೀರಿ, ಮತ್ತ ಯಾರೂ ತೆಗೀಬಾರ್ದು" ಎಂದರು. ಈಗಲೂ ಅದು ಜರ್ಮನಿಯದೇ.

ಇನ್ನೊಂದು ಸಂಗತಿ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಮುಚ್ಚಳವಿರುವ, ಒಂದೇ ಹಿಡಿಕೆಯ, ಗುಲಾಬಿ ಹೂ ಬರೆದ ದೊಡ್ಡ ಪಿಂಗಾಣಿ ಪಾತ್ರೆ ಬಂದಿತ್ತು. 'ಇಂಗ್ಲೆಂಡ್, ರಾಜಮನೆತನದ ಊಟದ ಪಾತ್ರೆ' ಎಂದು ಬರೆದೆ, ನನ್ನದೇ ತಲೆಯಿಂದ. ಸಾಹುಕಾರರು ಅದನ್ನು ಹಗರಿಬೊಮ್ಮನಹಳ್ಳಿಯ ಬೀಗರ ಮನೆ ಗೃಹಪ್ರವೇಶಕ್ಕೆ ಉಡುಗೊರೆ ಒಯ್ದರು. ಬೀಗರು ಹಿಗ್ಗಿ ಅವತ್ತಿನ ಪಂಕ್ತಿಗೇ ಅದರ ತುಂಬ ಗೋಧಿ ಹುಗ್ಗಿ ತುಂಬಿಸಿ ಬಡಿಸಿದರು. ಪಂಕ್ತಿಯಲ್ಲಿ ಒಬ್ಬ ಮುದುಕಿ ನರ್ಸಮ್ಮ ಕೂತಿದ್ದಳು, ಹಿಂದೆ ಬಿಳಿಯರ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಪಾತ್ರೆ ನೋಡಿದವಳೇ ಎಲೆ ಬಿಟ್ಟು ಎದ್ದಳು.

"ಅಯ್ಯ ನಿಮ್ಮ! ಇದನ್ನ ರೋಗಿ ಮಂಚದ ಕೆಳಗ ಇಡತಿದ್ವಿ ನಾವು. ಎದ್ದು ಹೊರಗ ಹೋಗಾಕ ಆಗದವ್ರಿಗೆ!"

ಎರಡು ಸಲ ಹುಗ್ಗಿ ಹಾಕಿಸಿಕೊಂಡಿದ್ದ ಹಿರಿಯರೊಬ್ಬರು ಹಿತ್ತಲಿಗೆ ಓಡಿದರು. ಬೀಗತನ ಉಳಿದದ್ದೇ ದೊಡ್ಡದು. ಪಾತ್ರೆ ವಾಪಸು ಬಂತು. ಸಾಹುಕಾರರು ಅದನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಚೀಟಿ ಬದಲಿ ಮಾಡು. ಹೂಕುಂಡ ಅಂತ ಬರಿ" ಎಂದರು. ಬರೆದೆ.

ಕಸುಬಿನ ರೀತಿ ಬದಲಾಯಿತು ಎನ್ನುತ್ತಾರಲ್ಲ, ನಮ್ಮಲ್ಲಿ ಬದಲಾದದ್ದು ಹೀಗೆ. ಮೊದಲ ಹತ್ತು ವರ್ಷ ಹಿತ್ತಾಳೆ, ತಾಮ್ರಕ್ಕೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ಕನ್ನಡಿಯ ಹಾಗೆ ಬೆಳಗಿದೆವು. ನನ್ನ ಉಗುರಿನ ಸಂದಿ ಯಾವಾಗಲೂ ಹಸಿರು. ಆಮೇಲೆ ಒಬ್ಬ ಕನ್ನಡಕದ ಗಿರಾಕಿ ಬಂದು, "ಇಷ್ಟು ಹೊಳೆದರೆ ಹಳೆಯದು ಅಂತ ಯಾರು ನಂಬುತ್ತಾರೆ?" ಎಂದು ಮೂಗು ಮುರಿದ. ಅಂದಿನಿಂದ ಹೊಸ ಕಾನೂನು. ಬೆಳಗಿದ್ದನ್ನೆಲ್ಲ ಒಯ್ದು ತಿಪ್ಪೆಯಲ್ಲಿ ಹೂತು ಕಪ್ಪು ಮಾಡಿ ತೆಗೆದೆವು. ಇದಕ್ಕೂ ಸಂಬಳ ಕೊಟ್ಟರು, ಅದಕ್ಕೂ ಕೊಟ್ಟರು.

ಅದೇ ಕನ್ನಡಕದವನ ದೆಸೆಯಿಂದ ನಾನು ಹಳ್ಳಿ ತಿರುಗುವ ಹಾಗಾಯಿತು. ಅಲ್ಲಿಯವರೆಗೆ ಸಾಹುಕಾರರಿಗೆ ನಮ್ಮ ನಾಡಿನ ಸಾಮಾನು ಎಂದರೆ ತೂಕಕ್ಕೆ ಹಾಕುವ ಗುಜರಿ. ಅವನು ಮೂಲೆಯಲ್ಲಿ ಬಿದ್ದಿದ್ದ ಅಡಕತ್ತರಿಯನ್ನು ಎತ್ತಿ ಮುದ್ದಾಡಿದ್ದೇ ತಡ, ಕಣ್ಣು ತೆರೆಯಿತು. ಜಗತ್ತಿನ ಭೂಪಟದಲ್ಲಿ ಹರಪನಹಳ್ಳಿ ತಾಲೂಕೂ ಇದೆ ಎಂದು ಗೊತ್ತಾಯಿತು. ಗಂಡಸರನ್ನು ಕಳಿಸಿದರೆ ಅಂಗಳದಿಂದಲೇ ವಾಪಸು ಬರುತ್ತಾರೆ, ಹೆಂಗಸಾದರೆ ಅಡುಗೆಮನೆವರೆಗೆ ಹೋಗುತ್ತಾಳೆ ಎಂದು ನನ್ನನ್ನು ಆರಿಸಿದರು. ಟಂಟಂ ಗಾಡಿಯಲ್ಲಿ ಕುಕ್ಕರು, ಸ್ಟೀಲಿನ ಡಬ್ಬಿ, ಮಿಕ್ಸರು ಹೇರಿಕೊಂಡು ಅರಸೀಕೆರೆ, ತೆಲಿಗಿ, ಎಲ್ಲೆಲ್ಲಿ ಹಾದಿ ಇತ್ತೋ ಅಲ್ಲೆಲ್ಲ ಹೋದೆ. ಹಳೆಯದು ಕೊಡಿ, ಹೊಸದು ತೊಗೊಳ್ಳಿ.

ನಾನು ಆ ಕೆಲಸದಲ್ಲಿ ಪಕ್ಕಾ ಆದೆ. ಬೇಕಾದ ಸಾಮಾನನ್ನು ಕಣ್ಣೆತ್ತಿ ನೋಡಬಾರದು. ಅದರ ಪಕ್ಕದ್ದನ್ನು ಹೊಗಳಬೇಕು. ನೀರು ಕೇಳಬೇಕು, ಮಗುವಿನ ಹೆಸರು ಕೇಳಬೇಕು, ಅತ್ತೆಯ ಬಗ್ಗೆ ಒಂದು ಮಾತು ತೆಗೆದು ಸೊಸೆಯಂದಿರ ಬಾಯಿ ಬಿಡಿಸಬೇಕು. ಏಳುವಾಗ, "ಅಯ್ಯ, ಆ ಮೂಲ್ಯಾಗಿಂದು ಜಾಗ ತಿಂತೈತಲ್ಲವಾ, ಅದನ್ನೂ ಹಾಕು" ಎನ್ನಬೇಕು. ಇದನ್ನು ಜಾಣತನ ಎಂದುಕೊಂಡಿದ್ದೆ. ಈಗ ಬರೆಯುವಾಗ ಥೂ ಎನಿಸುತ್ತದೆ.

ತೆಲಿಗಿಯ ಆಚೆ ಒಂದು ಕುರಿಗಾರರ ಮನೆ. ಸೊಸೆ ದುಗ್ಗವ್ವ ಒಬ್ಬಳೇ ಇದ್ದಳು. ಮದುವೆಯಾಗಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ಗಂಡನೂ ಮಾವನೂ ಕುರಿ ಹೊಡೆದುಕೊಂಡು ಹೋಗಿದ್ದರು. ನಾನು ಕುಕ್ಕರು ತೆಗೆದು ತೋರಿಸಿದೆ. ಅವಳು ಕಣ್ಣರಳಿಸಿ ಅಟ್ಟ ಹತ್ತಿ, ಕಂಬಳಿಯಲ್ಲಿ ಸುತ್ತಿದ್ದ ಮರದ ಪಾತ್ರೆಯೊಂದನ್ನು ಇಳಿಸಿದಳು. ಉದ್ದನೆಯದು, ಎರಡು ತುದಿ ಮೇಲಕ್ಕೆ ಬಾಗಿದ್ದು, ಎಣ್ಣೆ ಕುಡಿದು ಕಲ್ಲಿನ ಹಾಗೆ ಕಪ್ಪಾಗಿತ್ತು.

"ಇದ್ಯಾವುದೋ ಹಿಟ್ಟು ನಾದೋ ಮರಿಗಿ ಇದ್ದಂಗೈತ್ರಿ. ನಾ ಬಂದಾಗಿಂದ ಯಾರೂ ಮುಟ್ಟಿಲ್ಲ. ನಡೀತೈತೇನ್ರಿ?" ಎಂದಳು.

ಅದು ಹಿಟ್ಟು ನಾದುವ ಮರಿಗೆ ಅಲ್ಲ ಎಂದು ನನಗೆ ಗೊತ್ತಾಯಿತು. ಅದರ ಬಿರುಕುಗಳಲ್ಲಿ ಅರಿಶಿನ ಕೂತಿತ್ತು. ಅದು ಮೈಲಾರದ ಭಂಡಾರ, ದೇವರ ಪ್ರಸಾದದ ಅರಿಶಿನ. ಇದು ಗೊರವರ ದೋಣಿ. ಮೈಲಾರಲಿಂಗನ ದೀಕ್ಷೆ ಪಡೆದ ಗೊರವರು ಸೇವೆಯ ದಿನ ಇದರಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಹಾಕಿಸಿಕೊಂಡು, ತಾವು ದೇವರ ನಾಯಿಗಳೆಂದು ಬೊಗಳುತ್ತ, ಕೈ ಹಚ್ಚದೆ ಬಾಯಿ ಹಾಕಿ ಉಣ್ಣುತ್ತಾರೆ. ಹೆಸರು ದೋಣಿ, ಆದರೆ ಹೊಳೆಗೂ ಅದಕ್ಕೂ ಸಂಬಂಧವಿಲ್ಲ. ದುಗ್ಗವ್ವನ ತವರಲ್ಲಿ ಗೊರವರಿರಲಿಲ್ಲ, ಅವಳಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. "ತಂಗೀ, ಇದನ್ನ ಕೊಡಬ್ಯಾಡ" ಎಂದು ಒಂದು ಮಾತು ಆಡಿದ್ದರೆ ಮುಗಿದಿತ್ತು. ನಾನು "ನಡೀತೈತಿ ಹಾಕವಾ" ಎಂದೆ. ದಾರಿಯಲ್ಲಿ ಯಾರೂ ಗುರುತು ಹಿಡಿಯಬಾರದೆಂದು ಗಾಡಿಯಲ್ಲಿ ಕೂತು ಹಳೆಯ ಬಟ್ಟೆಯಿಂದ ಆ ಅರಿಶಿನ ಒರೆಸಿದೆ, ಸುಲಭಕ್ಕೆ ಹೋಗಲಿಲ್ಲ.

ಶೋರೂಮಿನಲ್ಲಿ 'ಗೊರವರ ದೋಣಿ, ಮೈಲಾರ ಸೀಮೆ' ಎಂದು ಚೀಟಿ ಬರೆದೆ. ಮೂವತ್ತು ವರ್ಷದಲ್ಲಿ ನಾನು ಬರೆದ ಮೊದಲ ನಿಜವಾದ ಚೀಟಿ ಅದು. ಸಾಹುಕಾರರು ನೋಡಿ ಹರಿದು ಹಾಕಿದರು. "ದೇವರ ಸಾಮಾನು ಅಂದ್ರ ಗಿರಾಕಿ ಹೆದರ್ತಾರ. ಗೊರವ ಗಿರವ ತೆಗಿ. ಒಂದ ಮಾತು ಬರಿ ಸಾಕು." ದೋಣಿ ಎಂದಷ್ಟೇ ಬರೆದೆ.

ಅಷ್ಟೊತ್ತಿಗೆ ಸಾಹುಕಾರರ ಅಕ್ಕನ ಮಗ ವಿನಯ ವ್ಯವಹಾರಕ್ಕೆ ಇಳಿದಿದ್ದ. ಊಟಿಯ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನು. ಕನ್ನಡ ಓದಲು ಬರುತ್ತಿತ್ತು, ಅದೇ ಅನಾಹುತವಾಯಿತು. ನಾಲ್ಕು ದಿನ ರಜೆಯ ಮೇಲೆ ಹೋಗಿ ಬಂದು ನೋಡುತ್ತೇನೆ, ದೋಣಿ ಗಾಜಿನ ಕಪಾಟಿನಲ್ಲಿದೆ. ಒಂದು ಕಡೆ ಹಿತ್ತಾಳೆಯ ದಿಕ್ಸೂಚಿ, ಇನ್ನೊಂದು ಕಡೆ ಹಡಗಿನ ಲಾಟೀನು. ದೋಣಿಯ ನಡುವೆ ತೂತು ಕೊರೆದು ಕೋಲು ನಿಲ್ಲಿಸಿ, ಬಿಳಿ ಬಟ್ಟೆಯ ಹಾಯಿಪಟ ಕಟ್ಟಿದ್ದಾನೆ! ಕೆಳಗೆ ಅಚ್ಚು ಹಾಕಿಸಿದ ಚೀಟಿ: 'ಪೋರ್ಚುಗೀಸ್ ನಾವಿಕರ ಹಡಗಿನ ಮಾದರಿ'.

"ಇದೇನಪ್ಪಾ ಮಾಡೀದಿ?" ಎಂದೆ.

"ನೀವೇ ದೋಣಿ ಅಂತ ಬರೆದಿದ್ರಲ್ಲ ಆಂಟಿ. ಪಟ ಬಿದ್ದುಹೋಗಿತ್ತು, ರಿಪೇರಿ ಮಾಡಿಸ್ದೆ" ಎಂದ, ಹೆಮ್ಮೆಯಿಂದ.

ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಿವೃತ್ತಿಗೆ ಮೂರು ತಿಂಗಳಿತ್ತು, ಕೊನೆಗಾಲಕ್ಕೆ ಯಾಕೆ ರಗಳೆ ಎಂದುಕೊಂಡೆ. ಅದಕ್ಕಿಂತ ಹೇಸಿಗೆಯ ಮಾತೆಂದರೆ ಅವತ್ತು ಮನೆಗೆ ಹೋಗಿ ಇದನ್ನೇ ತಂಗಿಗೆ ಹೇಳಿಕೊಂಡು ನಕ್ಕೆ.

ಎರಡು ತಿಂಗಳು ಕಳೆದು ದುಗ್ಗವ್ವ ಬಂದಳು. ನನ್ನನ್ನು ಹೇಗೆ ಹುಡುಕಿದಳೋ. ಊರೂರಲ್ಲಿ ಕುಕ್ಕರಿನ ಗಾಡಿಯವಳನ್ನು ಕೇಳುತ್ತ ಹರಪನಹಳ್ಳಿಗೆ ಬಂದು, ಅಲ್ಲಿಂದ ಕೊಟ್ಟೂರು, ಅಲ್ಲಿಂದ ಕೂಡ್ಲಿಗಿ. ಆ ಕುಕ್ಕರನ್ನು ಕಂಕುಳಲ್ಲಿ ಹಿಡಿದುಕೊಂಡೇ ಗಾಜಿನ ಬಾಗಿಲಲ್ಲಿ ನಿಂತಿದ್ದಳು. ಕಾವಲಿನವನು ಬಿಟ್ಟಿರಲಿಲ್ಲ.

"ಎಕ್ಕಾ, ಇದನ್ನ ಒಂದ ದಿನಾನೂ ಒಲಿ ಮ್ಯಾಲೆ ಇಟ್ಟಿಲ್ಲ. ತಗೊಳ್ರಿ, ನಮ್ಮ ದೋಣಿ ಕೊಡ್ರಿ" ಎಂದಳು. "ನಮ್ಮ ಮಾವ ಮೈಲಪ್ಪ ಗೊರವಪ್ಪ ಅದಾನ್ರಿ. ಕುರಿ ಬಿಟ್ಟು ಬಂದು ಅಟ್ಟ ನೋಡ್ಯಾನ. ಬೈಲಿಲ್ಲ, ಬಡೀಲಿಲ್ಲ. ದೋಣಿ ಬರೋ ತನಕ ನಿನ್ನ ಕೈಯಾಗಿನ ನೀರು ಕುಡಿಯಂಗಿಲ್ಲ ಅಂದ. ಆವತ್ತಿಂದ ತಾನ ನೀರು ಸೇದ್ತಾನ, ತಾನ ರೊಟ್ಟಿ ಸುಟ್ಕಂತಾನ. ಎಪ್ಪತ್ತು ವರ್ಷದ ಮುದುಕ್ರಿ. ನಾನು ಕೊಡ ಹಿಡ್ಕಂಡು ಹಿಂದ ನಿಂತಿರ್ತೀನಿ, ಹೊಳ್ಳಿ ನೋಡಂಗಿಲ್ಲ. ಬಡದಿದ್ರ ಚಲೋ ಇತ್ತು."

ಕೈಹಿಡಿದು ಒಳಗೆ ಕರೆದೊಯ್ದು ಕಪಾಟಿನ ಮುಂದೆ ನಿಲ್ಲಿಸಿದೆ. ಪಟ ಕಟ್ಟಿದ ದೋಣಿಯನ್ನು ಅವಳು ಸುಮ್ಮನೆ ನೋಡಿದಳು. ಗುರುತೇ ಹತ್ತಲಿಲ್ಲ. ಆಮೇಲೆ ಗೊತ್ತಾಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಸಾಹುಕಾರರನ್ನು ಕೇಳಿದೆ. ಕಾಲಿಗೆ ಬೀಳುವುದೊಂದು ಬಾಕಿ. "ಹುಚ್ಚು ಹಿಡದೈತೇನು? ಅದನ್ನ ಹಂಪಿ ಕಡೆ ರೆಸಾರ್ಟಿನವ್ರಿಗೆ ಮಾತು ಕೊಟ್ಟೀನಿ. ಪೋರ್ಚುಗೀಸ್ ಮಾಲು ಅದು" ಎಂದರು. ಆಡುತ್ತ ಆಡುತ್ತ ಅವರು ಅದನ್ನು ನಂಬಿಯೇ ಬಿಟ್ಟಿದ್ದರು. ದುಗ್ಗವ್ವ ಕುಕ್ಕರು ಸಮೇತ ಬಸ್ಸು ಹತ್ತಿದಳು. "ಒಂದು ತಿಂಗಳು ತಡಿಯವಾ, ನಾನ ತರ್ತೀನಿ" ಎಂದೆ. ಹೇಗೆ ತರುವುದು ಎಂಬುದು ನನಗೂ ಗೊತ್ತಿರಲಿಲ್ಲ.

ನಿವೃತ್ತಿಯ ದಿನ ಶೋರೂಮಿನ ಮುಂದೆ ಶಾಮಿಯಾನ ಹಾಕಿಸಿದ್ದರು. ನನ್ನ ಮೇಲಿನ ಪ್ರೀತಿಗಲ್ಲ, ಗಿರಾಕಿಗಳನ್ನು ಕರೆದು ಕೂರಿಸಲು ಒಂದು ನೆಪ. ಕೊಟ್ಟೂರಿನ ವರ್ತಕರು, ಹಗರಿಬೊಮ್ಮನಹಳ್ಳಿಯ ಬೀಗರು, ರೆಸಾರ್ಟಿನ ಮ್ಯಾನೇಜರು, ಎಲ್ಲರೂ ಬಂದಿದ್ದರು. ಸಾಹುಕಾರರು ಮೈಕು ಹಿಡಿದರೆ ಬಿಡುವವರಲ್ಲ. "ಗಂಗಮ್ಮ ನಮ್ಮ ಮನಿ ಮಗಳಿದ್ದಂಗ. ಜಗತ್ತಿನ ಸಾಮಾನೆಲ್ಲ ಆಕಿ ಕೈಯಾಗ ಹಾದು ಹೋಗ್ಯಾವ. ಇವತ್ತು ಈ ಶೋರೂಮಿನಾಗ ಏನ ಬೇಕು ಅಂತಾಳೋ ಅದನ್ನ ತಗೊಂಡು ಹೋಗ್ಲಿ!" ಎಂದರು. ಚಪ್ಪಾಳೆ ಬಿತ್ತು. ವಿನಯ ಆಗಲೇ ಒಂದು ಚೀನಾ ಕಪ್ಪನ್ನು ಬಣ್ಣದ ಕಾಗದದಲ್ಲಿ ಸುತ್ತಿ ಹಿಡಿದು ನಿಂತಿದ್ದ.

ನಾನು ಒಳಗೆ ಹೋಗಿ ಕಪಾಟು ತೆರೆದು ದೋಣಿ ಎತ್ತಿಕೊಂಡು ಬಂದೆ.

ಸಾಹುಕಾರರ ಮುಖ ಹಿಂಡಿಯ ಬಣ್ಣಕ್ಕೆ ತಿರುಗಿತು. ಮೈಕು ಕೆಳಗೆ ಮಾಡಿ, "ಲೇ, ಅದಲ್ಲ. ಬ್ಯಾರೇದು ತಗ" ಎಂದರು. ಮೈಕು ಬಂದ್ ಆಗಿರಲಿಲ್ಲ, ಎಲ್ಲರಿಗೂ ಕೇಳಿತು. ನಾನು ಆ ಮೈಕಿನ ಕಡೆಗೇ ಬಾಗಿ, "ಏನ ಬೇಕಾದ್ರೂ ಅಂದ್ರಲ್ರೀ ಸಾವ್ಕಾರ್ರ. ಮನಿ ಮಗಳಿಗೆ ಕೊಟ್ಟ ಮಾತು ತಿರುಗಿ ತಗೊಂತೀರೇನು?" ಎಂದೆ. ಬೀಗರು ಜೋರಾಗಿ ನಕ್ಕರು, ಅವರಿಗೆ ಹಳೆಯ ಹುಗ್ಗಿಯ ಸಿಟ್ಟಿತ್ತು. ಸಾಹುಕಾರರೂ ಹಲ್ಲು ಕಚ್ಚಿ ನಗಲೇಬೇಕಾಯಿತು. ಅವರೆದುರಿಗೇ ಪಟದ ಕೋಲನ್ನು ಕಿತ್ತು ವಿನಯನ ಕೈಗೆ ಕೊಟ್ಟೆ. "ಇದು ನಿಂದಪ್ಪಾ. ಪೋರ್ಚುಗೀಸರು ಬಂದ್ರ ಕೊಡು" ಎಂದೆ. ನನ್ನ ವೃತ್ತಿಜೀವನದ ದೊಡ್ಡ ಸಾಧನೆ ಎಂದರೆ ಆ ಮಾತು ಎಂದುಕೊಂಡು ಗೆದ್ದವಳ ಹಾಗೆ ಮನೆಗೆ ಹೋದೆ.

ಮರುದಿನ ತೆಲಿಗಿಯ ಬಸ್ಸಿನಲ್ಲಿ ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಹುಮ್ಮಸ್ಸು ಇಳಿಯಿತು. ನಡುವಿನ ತೂತಿನಲ್ಲಿ ನನ್ನ ಸೀರೆಯ ಹೂವು ಕಾಣುತ್ತಿತ್ತು.

ಮೈಲಪ್ಪಜ್ಜ ಅಂಗಳದಲ್ಲಿ ಕಂಬಳಿ ಹಾಸಿ ಕೂತಿದ್ದ. ಪಕ್ಕದಲ್ಲಿ ತಾನೇ ಸೇದಿಟ್ಟ ನೀರಿನ ತಂಬಿಗೆ. ದುಗ್ಗವ್ವ ಹೊಸ್ತಿಲಲ್ಲಿ ನಿಂತಳು, ಹೊರಗೆ ಬರಲಿಲ್ಲ. ನಾನು ದೋಣಿಯನ್ನು ಕಂಬಳಿಯ ಮೇಲಿಟ್ಟೆ. ಅಜ್ಜ ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿಕೊಂಡ. ಆಮೇಲೆ ತಡವಿ ನೋಡಿದ. ಅವನ ಬೆರಳು ತೂತಿನಲ್ಲಿ ಇಳಿದು ಆಚೆ ಬಂತು.

"ಇದೇನು?"

"ಪಟ ಕಟ್ಟಾಕ ಕೋಲು ನಿಲ್ಸಿದ್ರು, ಅಜ್ಜಾ."

"ಪಟ ಯಾಕ?"

"ಹಡಗು ಅಂದ್ಕಂಡ್ರು."

ಅವನು ನಗಲಿಲ್ಲ. "ಭಂಡಾರ ಇತ್ತಲ್ಲ ಇದರಾಗ?"

ಸುಳ್ಳು ಬಾಯಿಗೆ ಬಂದಿತ್ತು. ಮೂವತ್ತು ವರ್ಷದ ರೂಢಿ. ನುಂಗಿಕೊಂಡೆ. "ಇತ್ತು. ನಾನ ಒರಿಸಿದೆ."

ಅಜ್ಜ ದೋಣಿಯನ್ನು ಕಂಬಳಿಯ ಮೇಲಿಟ್ಟ. "ಆಕಿ ತಿಳೀದ ಕೊಟ್ಟಾಳ. ನೀನು ತಿಳದು ತಗಂಡೀದಿ. ಮೂರು ತಿಂಗಳು ನಾನು ಆಕಿನ್ನ ಕೊಡ ಹಿಡಿಸಿ ನಿಲ್ಸಿದೆ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅವನು ಹೊಸ್ತಿಲ ಕಡೆ ತಿರುಗಿ, ಮೂರು ತಿಂಗಳಲ್ಲಿ ಮೊದಲ ಸಲ ಅವಳ ಹೆಸರು ಹಿಡಿದು ಕರೆದ. "ದುಗ್ಗವ್ವಾ, ಕೊಡ ತಗಂಬಾರವಾ. ಬಾಯಿ ಒಣಗೈತಿ."

ಅವಳು ಓಡಿ ಒಳಗೆ ಹೋಗಿ ತುಂಬಿದ ಕೊಡ ತಂದಳು, ದಾರಿಯುದ್ದಕ್ಕೂ ಚೆಲ್ಲುತ್ತ. ಅಜ್ಜ ತಂಬಿಗೆಯನ್ನು ಆಚೆ ಸರಿಸಿ ದೋಣಿಯನ್ನು ಮುಂದಿಟ್ಟುಕೊಂಡು ಮೊಣಕಾಲೂರಿದ. ಅದರಲ್ಲೇ ಹಾಕು ಎಂದ. ಅವಳು ತೂತು ನೋಡಿ ನಿಂತಳು. ಅಜ್ಜ ನನ್ನ ಕಡೆ ನೋಡದೆ ಹೇಳಿದ.

"ತೂತು ನಿಂದು. ನೀ ಹಿಡಿ."

ನಾನು ನೆಲಕ್ಕೆ ಕೂತು, ದೋಣಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಕೆಳಗಿನಿಂದ ತೂತಿಗೆ ಒತ್ತಿದೆ. ದುಗ್ಗವ್ವ ನೀರು ಸುರಿದಳು. ಅಜ್ಜ ಕೈ ಹಿಂದೆ ಕಟ್ಟಿ, ಬಾಗಿ, ದೋಣಿಗೆ ಬಾಯಿ ಹಾಕಿ ಕುಡಿಯತೊಡಗಿದ. ಅವಳು ಅಳುತ್ತ ಮತ್ತೆ ಸುರಿದಳು, ಅವನು ಮತ್ತೆ ಕುಡಿದ. ನನ್ನ ಬೆರಳಿನ ಸಂದಿಯಿಂದ ನೀರು ಜಿನುಗಿ ಮೊಣಕೈವರೆಗೆ ಇಳಿಯುತ್ತಿತ್ತು. ಬೆರಳು ಜೋಮು ಹಿಡಿಯಿತು. ಅವನು ತಲೆ ಎತ್ತಿ ಸಾಕು ಎನ್ನುವವರೆಗೆ ನಾನು ಅದನ್ನು ತೆಗೆಯಲಿಲ್ಲ.